ವಾಪಸ್ ಹೋಗುವ ಹಕ್ಕು

ಹೆಸರು ಬೇರೆಯಿದ್ದರೂ ಬೀದಿಗೆಲ್ಲ ಅವರು ಮೋಡಪ್ಪನವರೇ. ಹವಾಮಾನ ಕಚೇರಿಯಲ್ಲಿ ಮೂವತ್ತೊಂದು ವರ್ಷ, ಬೆಳಿಗ್ಗೆ ಎಂಟೂವರೆಗೆ ಸರಿಯಾಗಿ, ಮಳೆಮಾಪಕದ ನೀರು ಅಳೆದು ಬರೆದಿಟ್ಟವರು. ಬೆಟ್ಟ ಹತ್ತಲು ಬಂದವರೆಲ್ಲ ಮೊದಲು ಅವರ ಕಿಟಕಿಯ ಮುಂದೆ ನಿಂತು, "ಸಾರ್, ಇವತ್ತು ಹೋಗಬಹುದಾ?" ಎಂದು ಕೇಳುತ್ತಿದ್ದರು. ಒಂದೇ ಮಾತಿನಲ್ಲಿ ಹೌದು ಅನ್ನುವ ಜಾಯಮಾನ ಅವರದಲ್ಲ. "ಆ ಬೆಟ್ಟಕ್ಕೆ ದಿನಕ್ಕೆ ನಾಲ್ಕು ಬುದ್ಧಿ ರೀ" ಎಂದು ಶುರುಮಾಡಿದರೆ, ಉಪದೇಶ ಮುಗಿಯುವಷ್ಟರಲ್ಲಿ ಕೇಳಿದವರಿಗೆ ಆಕಳಿಕೆ ಬಂದಿರುತ್ತಿತ್ತು. ಆದರೆ ಕೊನೆಯಲ್ಲಿ ಹೇಳುವ ಒಂದು ನಿಯಮವನ್ನು ಮಾತ್ರ ಯಾರೂ ತಳ್ಳಿಹಾಕುತ್ತಿರಲಿಲ್ಲ. ಗುಂಪಿನಲ್ಲಿ ಎಲ್ಲರಿಗಿಂತ ಪುಕ್ಕಲು ಯಾರೋ, ವಾಪಸ್ ಹೋಗುವ ಹಕ್ಕು ಅವರಿಗೇ ಕೊಡಬೇಕು. ಅವರು "ಸಾಕು, ವಾಪಸ್" ಅಂದರೆ ಮುಗಿಯಿತು. ಉಳಿದವರು ಕಾರಣ ಕೇಳುವಂತಿಲ್ಲ, ಮುಖ ಸಿಂಡರಿಸುವಂತಿಲ್ಲ.

ತಮಾಷೆಯೆಂದರೆ, ಊರವರಿಗೆಲ್ಲ ದಾರಿ ಹೇಳಿದ ಈ ಮನುಷ್ಯ ತಾನು ಒಮ್ಮೆಯೂ ಬೆಟ್ಟದ ತುದಿ ಕಂಡಿರಲಿಲ್ಲ. ಎಂಟೂವರೆಯ ನೀರು ಅಳೆಯಲು ಬೇರೆ ಯಾರಿದ್ದರು? ನಿವೃತ್ತಿಯಾಗುವ ಹೊತ್ತಿಗೆ ಮಂಡಿ ಕೈಕೊಟ್ಟಿತ್ತು. "ಮುಂದಿನ ತಿಂಗಳು ಆಪರೇಷನ್. ಆಮೇಲೆ ಬೆಟ್ಟದ ಮಾತು ಎತ್ತಬೇಡಿ. ಹೋಗೋದಿದ್ರೆ ಪಟ್ಟಿ ಕಟ್ಕೊಂಡು ಈಗಲೇ ನಿಧಾನಕ್ಕೆ ಹೋಗಿಬನ್ನಿ," ಎಂದರು ಡಾಕ್ಟರು.

ಅಂದಿನಿಂದ ಊಟದ ಮೇಜು ನಕ್ಷೆಯ ಪಾಲಾಯಿತು. ಹದಿನೈದು ದಿನ ಗಂಡಹೆಂಡತಿ ಅಡುಗೆಮನೆಯಲ್ಲಿ ನಿಂತೇ ಊಟ ಮಾಡಿದರು. ಮಳೆಕೋಟು, ಟಾರ್ಚು, ಸೀಟಿ, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ಒಣ ಕಾಲುಚೀಲ, ಕಡಲೆಬೀಜ, ಖರ್ಜೂರ ಎಲ್ಲ ಕುರ್ಚಿಗಳ ಮೇಲೆ ಸಾಲಾಗಿ ಕುಳಿತವು. ಹೋಗುವ ದಾರಿ, ಬರುವ ಹೊತ್ತು ಎರಡನ್ನೂ ಬರೆದ ಚೀಟಿಯನ್ನು ಎದುರಿನ ಔಷಧಿ ಅಂಗಡಿಯವನಿಗೆ ಕೊಟ್ಟು, "ಸಂಜೆ ಆರಕ್ಕೆ ಬರದಿದ್ರೆ ಹುಡುಕೋಕೆ ಜನ ಕಳಿಸು," ಎಂದರು.

"ಆರೂಕಾಲರ ತನಕ ಕಾಯ್ಲಾ ಸಾರ್?"

"ಒಂದು ನಿಮಿಷಾನೂ ಬೇಡ."

ಅವರ ಹೆಂಡತಿ ಶಾಲೆಯ ಗ್ರಂಥಾಲಯದಲ್ಲಿ ಹರಿದ ಪುಸ್ತಕಗಳಿಗೆ ಬೈಂಡು ಹಾಕುವವಳು. ಕೆಲಸದಲ್ಲಿ ಗಟ್ಟಿಗಿತ್ತಿ, ಆದರೆ ಹಲ್ಲಿ ಕಂಡರೆ ಮೂರು ಕೋಣೆ ಆಚೆ ಓಡುವ ಜೀವ.

"ಗುಂಪು ಅಂದ್ರೆ ನಾವಿಬ್ಬರೇ ತಾನೇ? ಪುಕ್ಕಲು ಯಾರು ಅಂತ ಚುನಾವಣೆ ನಡೆಸ್ಬೇಕಾ?" ಎಂದಳು.

"ಅವಿರೋಧ ಆಯ್ಕೆ ಕಣೇ. ಹಕ್ಕು ನಿಂದೇ."

ಎರಡು ಸಲ ದಿನ ಮುಂದೂಡಿ, ಮೂರನೆಯ ಸಲ ಆಕಾಶ ತಿಳಿಯಾಗಿದ್ದ ಮುಂಜಾನೆ ಹೊರಟರು. ಅರ್ಧ ದಾರಿಯ ತಂಗುಮನೆಯಲ್ಲಿ ಚಹಾ ಕುಡಿದರು. ಹತ್ತೂಮುಕ್ಕಾಲಿಗೆ ಒಂದು ಚಪ್ಪಟೆ ಬಂಡೆ ಮುಟ್ಟಿದರು. ಅಲ್ಲಿಂದ ಮೇಲೆ ಬೆಟ್ಟದ ಬೆನ್ನಿನುದ್ದಕ್ಕೂ ಮರೆಯಿಲ್ಲದ ಬೋಳು ಏಣು, ಅರ್ಧ ಗಂಟೆಯ ಹಾದಿ, ಆಮೇಲೆ ತುದಿ. ತುದಿಯ ಕಲ್ಲುಗುಪ್ಪೆ ಬರಿಗಣ್ಣಿಗೇ ಕಾಣುತ್ತಿತ್ತು.

ಆಗಲೇ ಗಾಳಿ ದಿಕ್ಕು ಬದಲಿಸಿತು. ಪಡುವಣದ ಮೋಡ ಪಕ್ಕದ ಬೆಟ್ಟವನ್ನು ನುಂಗಿಕೊಂಡು ಬರುತ್ತಿತ್ತು. ಇಲ್ಲಿಗೆ ಮುಟ್ಟಲು ಇನ್ನು ಮುಕ್ಕಾಲು ಗಂಟೆ, ಹೆಚ್ಚೆಂದರೆ. ಕಚೇರಿಯ ಕಿಟಕಿಯಲ್ಲಿ ಕೂತಿದ್ದರೆ ಹಿಂದೆಮುಂದೆ ನೋಡದೆ ಎಲ್ಲರನ್ನೂ ಕೆಳಗಟ್ಟುತ್ತಿದ್ದರು. ಇಲ್ಲಿ ನಾಲಿಗೆ ಏಳಲಿಲ್ಲ. ಹಕ್ಕು ಅವಳದು, ಅವಳೇ ಹೇಳಲಿ ಎಂದು ಅವಳ ಕಡೆ ತಿರುಗಿದರು.

ಅವಳು ಮೋಡ ನೋಡಿದಳು, ಗಂಡನ ಮಂಡಿಯ ಪಟ್ಟಿ ನೋಡಿದಳು, ಆಮೇಲೆ ಕಲ್ಲುಗುಪ್ಪೆಯ ಕಡೆ ನೋಡಿದಳು.

"ನನಗೇನೂ ಭಯ ಇಲ್ಲ. ನಡೀರಿ," ಎಂದಳು.

ಅವರು ನಡೆದೇಬಿಟ್ಟರು. ಹತ್ತು ಹೆಜ್ಜೆ, ಇಪ್ಪತ್ತು ಹೆಜ್ಜೆ. ಹಿಂದಿನಿಂದ ಸಣ್ಣ ದನಿ ಕೇಳಿಸಿತು. ಅವಳು ಎಣಿಸುತ್ತಿದ್ದಳು, ಹದಿಮೂರು, ಹದಿನಾಲ್ಕು, ಹದಿನೈದು. ಹಲ್ಲು ಕೀಳಿಸಿಕೊಳ್ಳುವಾಗಲೂ ಹೀಗೇ ಎಣಿಸಿದ್ದಳು. ತಿರುಗಿ ನೋಡಿದರೆ ಮುಖದಲ್ಲಿ ರಕ್ತವಿರಲಿಲ್ಲ. ಇಷ್ಟಾದರೂ ನಕ್ಕಳು.

ಮೋಡಪ್ಪನವರು ತುದಿಯನ್ನು ಮತ್ತೊಮ್ಮೆ ನೋಡಿದರು.

"ಸಾಕು, ವಾಪಸ್."

"ಅದು ನಾನು ಹೇಳ್ಬೇಕಾದ್ದು ರೀ!"

"ಕಿತ್ಕೊಂಡೆ. ನಡಿ ಕೆಳಗೆ."

ತಂಗುಮನೆ ಇನ್ನೂ ಕೂಗಳತೆ ದೂರವಿರುವಾಗಲೇ ಆಲಿಕಲ್ಲು ಸುರಿಯಿತು. ಒಳಗೆ ಹೋಗಿ ಬಾಗಿಲು ಹಾಕಿಕೊಂಡು, ಒದ್ದೆ ಬೂಟು ಕಳಚಿ, ಬೆಂಚಿನ ಮೇಲೆ ಕೂತರು. ಮೇಲೆ ಏಣಿನ ಕಡೆ ಸಿಡಿಲು ಬಡಿಯುವ ಸದ್ದು ಒಂದರ ಹಿಂದೊಂದು ಕೇಳುತ್ತಿತ್ತು. ಹೆಂಡತಿಗೆ ಅಳು ಬಂದುಬಿಟ್ಟಿತು.

"ಬಂಡೆ ಹತ್ರಾನೇ ನನ್ನ ಜೀವ ಬಾಯಿಗೆ ಬಂದಿತ್ತು. ಆದ್ರೆ ನಿಮಗಿರೋದು ಇದೊಂದೇ ಸಲ. ನನ್ನ ಬಾಯಿಂದ ಹೇಗೆ ಬೇಡ ಅನ್ಲಿ?"

ಮೋಡಪ್ಪನವರು ಒಣ ಕಾಲುಚೀಲ ತೆಗೆದು ಅವಳಿಗೆ ಕೊಟ್ಟರು.

"ನೀನು ಸುಳ್ಳು ಹೇಳ್ತಿದ್ದೀಯ ಅಂತ ನನಗೆ ಆಗ್ಲೇ ಗೊತ್ತಾಗಿತ್ತು ಕಣೇ," ಎಂದರು. "ಗೊತ್ತಿದ್ದೂ ಇಪ್ಪತ್ತು ಹೆಜ್ಜೆ ಹತ್ತಿದೆ."

ತನ್ನ ಭಯ ಗೊತ್ತಿದ್ದೂ ಇವರು ತುದಿಗಾಗಿ ಹತ್ತಬಲ್ಲರು ಎಂದು ಹೊಳೆದು, ಬೆಟ್ಟದ ಮೇಲೆ ಆಗದಿದ್ದಷ್ಟು ಭಯ ಅವಳಿಗೆ ಈಗ ಆಯಿತು.