ಮೊದಲ ಅದಕ್ಕ

ಕಿತ್ತೂರಿನಲ್ಲಿ ನಮ್ಮ ಪಕ್ಕದ ಮನೆಯವರು ಟ್ರೇಲರ್ ಲಾರಿಯ ಡ್ರೈವರ್. ಬೆಳಿಗ್ಗೆ ಎದ್ದರೆ ಕಬ್ಬಿಣದ ರಾಡಿನಿಂದ ಒಂದೊಂದೇ ಗಾಲಿ ಬಡಿದು, ಗಾಳಿ ಸರಿಯಿದೆಯೇ ಎಂದು ಸದ್ದು ಕೇಳುವರು, ಎಂಜಿನ್ ಎಣ್ಣೆ ನೋಡುವರು, ರೇಡಿಯೇಟರಿಗೆ ನೀರು ಹಾಕುವರು. ಹೆಂಡತಿ ಚಹಾಕ್ಕೆ ಕರೆದರೆ ಒಂದೇ ಮಾತು: "ಮೊದಲ ಅದಕ್ಕ, ಆಮ್ಯಾಲ ನಮಗ."

ಅವರ ಮಗಳನ್ನು ನೋಡಲು ಮುನವಳ್ಳಿಯಿಂದ ವರನ ಕಡೆಯವರು ಜೀಪಿನಲ್ಲಿ ಬಂದರು. ಇವರು "ಬರ್ರಿ, ಕುಂದರ್ರಿ" ಎಂದು ಅವರನ್ನು ಕೂಡಿಸಿದವರೇ ಹೋಗಿ ಜೀಪಿನ ಬಾನೆಟ್ ಎತ್ತಿದರು. "ಎಣ್ಣಿ ಭಾಳ ಕಮ್ಮಿ ಐತ್ರಿ. ಹಿಂಗ ಹೆಂಗ ಬಂದ್ರಿ?"

ವರನ ತಂದೆ ಎದ್ದು ಚಪ್ಪಲಿ ಮೆಟ್ಟಿಕೊಂಡರು. ಸಂಬಂಧ ಮುರಿಯಿತೆಂದು ಒಳಗೆ ಇವರ ಹೆಂಡತಿ ಹಣೆ ಬಡಿದುಕೊಂಡರು.

ಅಷ್ಟರಲ್ಲಿ ಮಗಳು ರೇಷ್ಮೆ ಸೀರೆಯಲ್ಲಿ ಹೊರಬಂದಳು. ಕೈಯಲ್ಲಿದ್ದದ್ದು ಚಹಾದ ತಟ್ಟೆಯಲ್ಲ, ಎಂಜಿನ್ ಎಣ್ಣೆಯ ಡಬ್ಬಿ. ಅದನ್ನು ವರನ ಮುಂದೆ ಹಿಡಿದಳು: "ಮೊದಲ ಅದಕ್ಕ ಹಾಕ್ರಿ. ಚಹಾ ಕುದಿಯಾಕ ಹತ್ತೈತಿ."

ವರ ನಗುತ್ತ ಅಂಗಿಯ ತೋಳು ಮಡಚಿದ. ಅವನ ತಂದೆ ಮತ್ತೆ ಚಪ್ಪಲಿ ಬಿಟ್ಟರು.