ಬಾಟಲಿಯಲ್ಲಿಟ್ಟ ಮಳೆ

ಆ ಸೋಮವಾರ ಅಂಕೋಲೆಯ ನಮ್ಮ ಶಾಲೆಯಲ್ಲಿ ಆರನೆಯ ತರಗತಿಗೆ ಮಳೆಮಾಪಕ ತೋರಿಸಿದ್ದೆ. ದಿನಾ ಬೆಳಿಗ್ಗೆ ಅದನ್ನು ಖಾಲಿ ಮಾಡಬೇಕು, ಅಳೆಯುವುದನ್ನು ನಾಳೆ ಕಲಿಸುತ್ತೇನೆ ಎಂದಿದ್ದೆ. ಸಂಜೆ ನನ್ನ ಗಂಡ ತೀರಿಕೊಂಡರು.

ಎರಡು ವಾರದ ಮೇಲೆ ಶಾಲೆಗೆ ಮರಳಿದಾಗ ತರಗತಿಯ ಕಿಟಕಿಯಲ್ಲಿ ಹದಿನಾಲ್ಕು ನೀರಿನ ಬಾಟಲಿಗಳಿದ್ದವು. ಎಲ್ಲಕ್ಕೂ ಮುಚ್ಚಳ ಬಿಗಿದು, ದಿನ ಬರೆದ ಚೀಟಿ ಅಂಟಿಸಿತ್ತು.

"ಏನೇ ಇದು?"

"ಮಳೆ, ಅಕ್ಕೋರೆ," ಎಂದಳು ಮೀನುಗಾರರ ಮನೆಯ ಸುಜಾತಾ. "ಅಳೆಯೂಕೆ ನೀವು ಕಲ್ಸಿರ್ಲಿಲ್ಲ. ಚೆಲ್ಲಿರೆ ಮತ್ತೆ ಸಿಗೂದಿಲ್ಲ ಅಲ್ಲಾ? ಮಳೆನೀರು ಮಾರೂಕೆ ಹೊರಟ್ಯೇನೆ ಅಂತ ಆಯಿ ನೆಗಾಡ್ತು."

ಇಪ್ಪತ್ತು ವರ್ಷ ಪಾಠ ಮಾಡಿದರೂ, ಕಳೆದುಹೋದ ದಿನದ ಮಳೆಯನ್ನು ನಾನು ಕಣ್ಣಾರೆ ಕಂಡಿರಲಿಲ್ಲ. ಅಳತೆಯ ಗಾಜನ್ನು ಅವಳ ಕೈಗೆ ಕೊಟ್ಟು, ಆ ಸೋಮವಾರದ ಬಾಟಲಿಯನ್ನು ನಾನೇ ನಿಧಾನವಾಗಿ ಸುರಿದೆ. ಅವಳು ಬಗ್ಗಿ ಗೆರೆ ಓದಿದಳು.

ಅಂದು ಹದಿನೆಂಟು ಮಿಲಿಮೀಟರ್ ಮಳೆಯಾಗಿತ್ತು.