ಬೇಯಿಸಿಬಿಟ್ಟ ಬಿಳಿ ಚುಕ್ಕೆಗಳು

ನಮ್ಮ ಬಾಟನಿ ಮೇಷ್ಟರ ಬಲಗೈ ಹೆಬ್ಬೆರಳಿನ ಉಗುರು ವರ್ಷವಿಡೀ ನೀಲಿ. ಸ್ಲೈಡಿಗೆ ಹಾಕುವ ಬಣ್ಣ, ಎಷ್ಟು ಉಜ್ಜಿದರೂ ಹೋಗುತ್ತಿರಲಿಲ್ಲ. ಆ ಬೆರಳಲ್ಲೇ ಮುದ್ದೆ ಮುರಿಯುತ್ತೀರಾ ಸಾರ್ ಎಂದು ಮಧುಗಿರಿ ಕಾಲೇಜಿನ ಹುಡುಗಿಯರು ನಗುತ್ತಿದ್ದೆವು. ಇನ್ನೂ ಹೆಚ್ಚು ನಗು ಬರಿಸುತ್ತಿದ್ದದ್ದು ಅವರ ಮತ್ತೊಂದು ಅಭ್ಯಾಸ. ಒಣಗಿದ ಎಲೆಯಾಗಲಿ, ಒಡೆದ ಟ್ಯೂಬಾಗಲಿ, ಎತ್ತಿ ಹಿಡಿದು ಕ್ಲಾಸಿಗೆಲ್ಲ ಕೇಳುವರು: "ಇದು ಯಾರ್ದಮ್ಮ? ಚೆಲ್ಲಬೋದಾ?" ಯಾರಾದರೂ ಹೂಂ ಅನ್ನುವವರೆಗೆ ಬುಟ್ಟಿಗೆ ಹಾಕುತ್ತಿರಲಿಲ್ಲ. ಬಾಳೆಹಣ್ಣಿನ ಸಿಪ್ಪೆಗೂ ಇದೇ ಮರ್ಯಾದೆ.

ಎಂಬತ್ತರ ದಶಕದ ಶುರುವಿನ ಮಾತಿದು. ನಾನು ಕೊಡಿಗೇನಹಳ್ಳಿಯಿಂದ ಬಸ್ಸಿನಲ್ಲಿ ಬಂದು ಹೋಗುತ್ತಿದ್ದೆ. ಮೇಷ್ಟರು ಪಾವಗಡದ ಕಡೆಯವರು. ಮನೆಯ ಕುಕ್ಕರ್ ತಂದು, ಆಲೂಗಡ್ಡೆ ಬೇಯಿಸಿದ ನೀರಿಗೆ ಸಕ್ಕರೆ, ಅಗರ್ ಎಂಬ ಹೆಪ್ಪಿನ ಪುಡಿ ಹಾಕಿ ಗಾಜಿನ ತಟ್ಟೆಗಳಲ್ಲಿ ಹೆಪ್ಪುಗಟ್ಟಿಸುತ್ತಿದ್ದರು. ಅದರ ಮೇಲೆ ಬೇಕರಿಯಿಂದ ತಂದ ಯೀಸ್ಟ್ ಬೆಳೆಸುವುದು ನಮ್ಮ ಪಾಠ. ಒಂದು ದಿನ ನನ್ನ ತಟ್ಟೆಯಲ್ಲಿ ದಪ್ಪ ಬಿಳಿ ಚುಕ್ಕೆಗಳ ನಡುವೆ ಸಾಸಿವೆಗಿಂತ ಸಣ್ಣವು ಒಂದೆರಡು ಕಂಡವು. ಕೆಟ್ಟಿದೆ ಎಂದು ತೊಳೆಯಲು ಹೊರಟಿದ್ದೆ. ಮೇಷ್ಟರು ತಟ್ಟೆ ಕಿತ್ತುಕೊಂಡರು.

"ಇವು ಕೆಟ್ಟಿಲ್ಲಮ್ಮ. ಇವಕ್ಕೆ ಸರಿಯಾಗಿ ಉಸಿರಾಡಕ್ಕೆ ಬರಲ್ಲ, ಅದ್ಕೇ ಸಣ್ಣಗವೆ."

ಜೀವಕೋಶಕ್ಕೆ ಶಕ್ತಿ ಕೊಡುವ ಮೈಟೋಕಾಂಡ್ರಿಯಾಕ್ಕೆ ತನ್ನದೇ ಡಿಎನ್‌ಎ ಇರುತ್ತದೆ. ಈ ಸಣ್ಣವುಗಳಲ್ಲಿ ಅದರ ಬಹುಪಾಲು ಕಳೆದುಹೋಗಿ, ಉಳಿದ ಒಂದು ತುಣುಕೇ ಮತ್ತೆ ಮತ್ತೆ ಬಂದು ಉದ್ದಕ್ಕೂ ತುಂಬಿಕೊಂಡಿರುತ್ತದಂತೆ. "ಭಜನೆಯೋನಿಗೆ ಹಾಡೆಲ್ಲ ಮರ್ತೋಗಿ ಒಂದೇ ಸಾಲು ನೆನಪಿದ್ರೆ ಏನ್ ಮಾಡ್ತಾನೆ? ಅದ್ನೇ ಹಾಡ್ತಾನೆ. ಇದೂ ಅಂಗೇ."

ಆಮೇಲೆ ಸ್ಟೂಲಿನ ಮೇಲೆ ಕೂತು ತಮ್ಮ ಕಥೆ ಹೇಳಿದರು. ಅವರು ಬೆಂಗಳೂರಿನಲ್ಲಿ ಸಂಶೋಧನೆಗೆ ಸೇರಿದ ಹೊಸತು. ಲ್ಯಾಬಿನ ಹಿರಿಯ ಅಕ್ಕ ಒಬ್ಬರು ಇಂಥ ಸಣ್ಣ ಚುಕ್ಕೆಗಳನ್ನೇ ಆರಿಸಿ ಬೆಳೆಸಿದ್ದರು. ಕೆಟ್ಟ ತಟ್ಟೆಗಳಲ್ಲಿದ್ದದ್ದನ್ನು ಕ್ರಿಮಿ ಸಾಯುವಂತೆ ಬೇಯಿಸಿ ಎಸೆಯುವುದು ಅಲ್ಲಿಯ ಪದ್ಧತಿ. "ಶನಿವಾರ ಕಣಮ್ಮ. ಕ್ಲೀನ್ ಮಾಡೋ ಸರದಿ ನಂದು. ತಟ್ಟೆ ಇಡೋ ಪೆಟ್ಗೆ ಬಾಗ್ಲು ತೆಗೆದೆ, ಎಲ್ಲಾ ಸಣ್ಣಸಣ್ಣವು. ಕೆಟ್ಟೋಗವೆ ಅಂದ್ಕಂಡು ಬೇಯಿಸ್ಬುಟ್ಟೆ. ಯಾರ್ದು ಅಂತ ಒಂದ್ಮಾತು ಕೇಳ್ಲಿಲ್ಲ." ಸ್ವಲ್ಪ ದಿನಕ್ಕೆ ಅಕ್ಕ ಸಂಶೋಧನೆ ಬಿಟ್ಟರು. ತನ್ನಿಂದಲೇ ಹೀಗಾಯಿತೆಂದು ತಡೆಯಲಾರದೆ ಇವರೂ ಬಿಟ್ಟು ಬಂದು ಮೇಷ್ಟರಾದರು.

ಆ ಅಕ್ಕ ಈಗ ಕೊರಟಗೆರೆಯಲ್ಲಿ ಹೈಸ್ಕೂಲ್ ಟೀಚರು ಎಂಬುದು ಅವರಿಗೆ ಗೊತ್ತಿತ್ತು. ಬಸ್ಸು ಹತ್ತಿ ಒಂದು ತೂಕಡಿಕೆ ಮುಗಿಯುವಷ್ಟರಲ್ಲಿ ಕೊರಟಗೆರೆ. "ಯಾವ ಮುಖ ಇಟ್ಕಂಡು ಹೋಗ್ಲಿ?" ಎನ್ನುತ್ತಿದ್ದರು.

ಅವರು ಹಚ್ಚಿದ ಹುಚ್ಚಿನಿಂದಲೇ ನಾನು ಎಂಎಸ್ಸಿ ಸೇರಿದೆ. ಇವತ್ತು ನನ್ನ ಅನ್ನವೂ ಆ ಸಣ್ಣ ಚುಕ್ಕೆಗಳ ಸಂಶೋಧನೆಯದ್ದೇ. ಒಂದು ರಜೆಯಲ್ಲಿ ಊರಿಗೆ ಬರುವಾಗ ಕೊರಟಗೆರೆಯಲ್ಲಿ ಇಳಿದು ಅಕ್ಕನನ್ನು ಹುಡುಕಿದೆ. ಮೇಷ್ಟರ ಕಥೆ ಕೇಳಿ ಅವರು ನಕ್ಕುಬಿಟ್ಟರು. "ಅಯ್ಯೋ, ಅದೇ ಚುಕ್ಕೆಗಳ್ದು ಇನ್ನೊಂದು ಜೊತೆ ತಟ್ಟೆ ಫ್ರಿಜ್ಜಲ್ಲಿತ್ತು ಕಣಮ್ಮ. ನಾನು ಬಿಟ್ಟಿದ್ದು ಮದ್ವೆ ಆಯ್ತು ಅಂತ. ಅವ್ರಿಗೆ ಹೇಳು, ಒಂದಿನ ಊಟಕ್ಕೆ ಬರ್ಲಿ."

ಮಧುಗಿರಿ ಬಸ್‌ಸ್ಟ್ಯಾಂಡಿನಲ್ಲೇ ಮೇಷ್ಟರು ಸಿಕ್ಕರು. ಸಂತೋಷ ತಡೆಯಲಾರದೆ ಎಲ್ಲ ಹೇಳಿದೆ. ಅವರು ಟೀ ಲೋಟ ಕೆಳಗಿಟ್ಟರು.

"ದೊಡ್ಡ ಮನಸ್ಸು ಅವ್ರದ್ದು. ನಂಗೆ ನೋವಾಗ್ಬಾರ್ದು ಅಂತ ಅಂಗಂದವ್ರೆ."

ಎದುರಿಗೇ ಕೊರಟಗೆರೆ ಬಸ್ಸು ನಿಂತಿತ್ತು. "ಶನಿವಾರ ಕಣಮ್ಮ," ಎಂದು ಅವರು ಮತ್ತೆ ಶುರುಮಾಡಿದರು. ಕೇಳಿ ಕೇಳಿ ಸಾಕಾಗಿದ್ದ ನಾನು, ಬರ್ತೀನಿ ಸಾರ್ ಎಂದು ನಮ್ಮೂರಿನ ಬಸ್ಸು ಹತ್ತಿದೆ.

ಆಮೇಲೆ ಮೇಷ್ಟರು ಹೆಚ್ಚು ಕಾಲ ಉಳಿಯಲಿಲ್ಲ. ಮಣ್ಣಿಗೆ ಅಕ್ಕನೂ ಬಂದಿದ್ದರು. ಆ ನೀಲಿ ಉಗುರನ್ನೇ ನೋಡುತ್ತ ನಿಂತು, "ಊಟಕ್ಕೆ ಕರ್ದಿದ್ದು ಅವ್ರಿಗೆ ಹೇಳ್ದೇನಮ್ಮ?" ಎಂದು ಕೇಳಿದರು.

ಹೇಳಿದೆ ಅಕ್ಕ, ಎಂದೆ. ಹೇಳಿದ್ದು ನಿಜವೇ. ಕೈಹಿಡಿದು ಆ ಬಸ್ಸು ಹತ್ತಿಸಲಿಲ್ಲ, ಅಷ್ಟೆ.